ಅಧಿಕ ಶಕ್ತಿಯ ಪ್ರೋಟಾನ್ ವೇಗವರ್ಧಕ: ಚಾಲನೆಯ ಕ್ರಮ ಮತ್ತು ಸೋರಿಕೆಯ ತಡೆ

ಮಣ್ಣಿನ ತೇವಾಂಶವನ್ನು ಅಳೆಯಲು ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ನ್ಯೂಟ್ರಾನ್ ತೇವಾಂಶಮಾಪಕವೆಂಬ ಉಪಕರಣವನ್ನು ಬಳಸುವುದುಂಟು. ಹೊಲದಲ್ಲಿ ನೆಟ್ಟ ಕೊಳವೆಯೊಳಕ್ಕೆ ಇದರ ತುದಿಯನ್ನು ಇಳಿಬಿಟ್ಟಾಗ ಅದರಲ್ಲಿರುವ ವಿಕಿರಣ ಮೂಲದಿಂದ ನ್ಯೂಟ್ರಾನ್ ಕಣಗಳು ಸುತ್ತಲಿನ ಮಣ್ಣಿಗೆ ಹಾಯುತ್ತವೆ. ನೀರಿನಲ್ಲಿರುವ ಜಲಜನಕಕ್ಕೆ ಡಿಕ್ಕಿ ಹೊಡೆದ ಕಣಗಳು ವೇಗ ಕಳೆದುಕೊಳ್ಳುತ್ತವೆ. ಹೀಗೆ ನಿಧಾನಗೊಂಡು ಹಿಂದಿರುಗಿದ ಕಣಗಳನ್ನು ಎಣಿಸಿದರೆ ಆ ಆಳದಲ್ಲಿ ಎಷ್ಟು ತೇವವಿದೆ ಎಂಬುದು ತಿಳಿಯುತ್ತದೆ.

ತೇವ ಅಳೆಯಲು ಚಿಟಿಕೆಯಷ್ಟು ವಿಕಿರಣ ಮೂಲ ಸಾಕು. ಆದರೆ ಬೇರು ನೀರನ್ನು ಹೀರುವ ಬಗೆಯನ್ನು ಗಿಡ ಕೀಳದೆ ಚಿತ್ರದಲ್ಲಿ ಹಿಡಿಯಬೇಕಾದರೆ ನ್ಯೂಟ್ರಾನುಗಳ ದೊಡ್ಡ ಪ್ರವಾಹವೇ ಬೇಕು. ಅಮೆರಿಕದ ಟೆನೆಸ್ಸಿ ರಾಜ್ಯದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಪರಮಾಣು ರಿಯಾಕ್ಟರಿನ ನ್ಯೂಟ್ರಾನುಗಳಿಂದ ಮರಳಿನಲ್ಲಿ ಬೆಳೆದ ಮುಸುಕಿನ ಜೋಳದ ಬೇರುಗಳನ್ನು ಹೀಗೆ ಚಿತ್ರಿಸಲಾಗಿದೆ. ಅದೇ ಪ್ರಯೋಗಾಲಯದಲ್ಲಿ ರಿಯಾಕ್ಟರಿನ ನೆರವಿಲ್ಲದೆ ನ್ಯೂಟ್ರಾನುಗಳನ್ನು ಪಡೆಯುವ ಇನ್ನೊಂದು ಯಂತ್ರವೂ ಇದೆ. ಅದು ಪ್ರೋಟಾನ್ ವೇಗವರ್ಧಕ. 2006ರ ಏಪ್ರಿಲ್ 28ರಂದು ಅದರಿಂದ ಮೊದಲ ನ್ಯೂಟ್ರಾನುಗಳು ದೊರೆತವು.

ಯಂತ್ರದ ರಚನೆ

ಇದರ ಕೆಲಸವನ್ನು ಸ್ಥೂಲವಾಗಿ ಹೇಳುವುದು ಸುಲಭ. ಜಲಜನಕದ ಪರಮಾಣುವಿಗೆ ಒಂದು ಎಲೆಕ್ಟ್ರಾನನ್ನು ಹೆಚ್ಚಾಗಿ ಸೇರಿಸಿ ಋಣ ಅಯಾನುಗಳನ್ನು ತಯಾರಿಸುತ್ತಾರೆ. ಗಾಳಿಯನ್ನೆಲ್ಲ ತೆಗೆದ ನೇರ ಕೊಳವೆಯೊಂದರಲ್ಲಿ ಈ ಅಯಾನುಗಳು ಸಾಗುವಾಗ ವಿದ್ಯುತ್ ಅಲೆಗಳು ಅವನ್ನು ಮುಂದೆ ಮುಂದೆ ದಬ್ಬುತ್ತವೆ. ದಾರಿಯ ಬಹುಭಾಗದಲ್ಲಿ ನಯೋಬಿಯಂ ಲೋಹದ ಗೂಡುಗಳಿದ್ದು, ಅವನ್ನು ದ್ರವ ಹೀಲಿಯಂನಿಂದ ಸೊನ್ನೆಗಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣ್ಣಗಿಡಲಾಗುತ್ತದೆ. ಮೂಲ ನಕ್ಷೆಯ ಪ್ರಕಾರ ಕೊಳವೆಯ ಕೊನೆ ಮುಟ್ಟುವಾಗ ಅಯಾನುಗಳ ವೇಗ ಬೆಳಕಿನ ವೇಗದ ಸುಮಾರು 88 ಪಾಲಿನಷ್ಟಿತ್ತು, ಅಂದರೆ ನೂರಕ್ಕೆ 88.

ಅಲ್ಲಿಂದ ಮುಂದೆ 248 ಮೀಟರ್ ಸುತ್ತಳತೆಯ ಉಂಗುರ. ಉಂಗುರದ ಬಾಗಿಲಲ್ಲಿರುವ ತೆಳುವಾದ ಇಂಗಾಲದ ಹಾಳೆ ಅಯಾನಿನ ಎರಡೂ ಎಲೆಕ್ಟ್ರಾನುಗಳನ್ನು ಕಳಚಿಬಿಡುತ್ತದೆ. ಉಳಿಯುವುದು ಪ್ರೋಟಾನ್ ಮಾತ್ರ. ಮೊದಲೇ ಪ್ರೋಟಾನುಗಳನ್ನೇ ತಂದು ತುಂಬಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಹಾಗೆ ಮಾಡಿದರೆ ಹೊಸಬರನ್ನು ಒಳಕ್ಕೆ ತಿರುಗಿಸುವ ಅಯಸ್ಕಾಂತವೇ ಒಳಗೆ ಸುತ್ತುತ್ತಿರುವ ಹಳಬರನ್ನು ಹೊರದೂಡುತ್ತದೆ. ಋಣ ಅಯಾನುಗಳಾದರೆ ಈ ತೊಡಕಿಲ್ಲ. ಸುಮಾರು ಸಾವಿರ ಸುತ್ತಿನ ಕಣಗಳನ್ನು ಒಂದರ ಮೇಲೊಂದು ಪೇರಿಸಿ, ಸೆಕೆಂಡಿಗೆ 60 ಬಾರಿ ಪಾದರಸದ ತೊಟ್ಟಿಗೆ ಬಡಿಯಲು ಬಿಡುತ್ತಾರೆ. ಪಾದರಸದಿಂದ ನ್ಯೂಟ್ರಾನುಗಳು ಚಿಮ್ಮುತ್ತವೆ.

ಮೊದಲ ಚಾಲನೆ

ಹೊಸ ನಾಲೆಗೆ ಮೊದಲ ಸಲ ನೀರು ಬಿಡುವಾಗ ತೂಬನ್ನು ಪೂರ್ತಿ ಎತ್ತುವ ರೂಢಿಯಿಲ್ಲ. ಸ್ವಲ್ಪ ನೀರು ಬಿಟ್ಟು, ಏರಿ ಎಲ್ಲಿ ಒಸರುತ್ತದೆ ಎಂದು ನೋಡಿಕೊಂಡು, ಆಮೇಲೆ ಮುಂದಿನ ತೂಬಿಗೆ ಹೋಗುತ್ತಾರೆ. ಓಕ್ ರಿಡ್ಜ್‌ನಲ್ಲಿ ನಡೆದದ್ದೂ ಹೀಗೆಯೇ. 2002ರಿಂದ 2006ರವರೆಗೆ ಯಂತ್ರವನ್ನು ಭಾಗ ಭಾಗವಾಗಿ ಜೋಡಿಸುತ್ತ, ಒಂದೊಂದು ಭಾಗಕ್ಕೂ ಕಣಗಳನ್ನು ಬಿಟ್ಟು ಪರೀಕ್ಷಿಸಲಾಯಿತು. ಮೊದಮೊದಲು ಬಿಟ್ಟದ್ದು ಬಹಳ ಕಿರಿದಾದ ಮಿಡಿತಗಳನ್ನು. ಕಣಪುಂಜ ಕೊಳವೆಯ ನಡುವೆ ಸಾಗುತ್ತಿದೆಯೇ, ವಿದ್ಯುತ್ ಅಲೆ ಸರಿಯಾದ ಕ್ಷಣಕ್ಕೆ ತಗಲುತ್ತಿದೆಯೇ ಎಂಬುದನ್ನು ಅಳೆದು ಖಚಿತವಾದ ಬಳಿಕವೇ ಮುಂದಿನ ಹೆಜ್ಜೆ.

ನ್ಯೂಟ್ರಾನ್ ದೊರೆತ ಮೇಲೂ ಅವಸರ ಮಾಡಲಿಲ್ಲ. ಶಕ್ತಿ 10 ಲಕ್ಷ ವಾಟ್ ಮುಟ್ಟಿದ್ದು 2009ರಲ್ಲಿ. ನಕ್ಷೆಯಲ್ಲಿದ್ದ 14 ಲಕ್ಷ ವಾಟ್‌ನಲ್ಲಿ ಯಂತ್ರ ಒಂದೇ ಸಮನೆ ನಡೆಯತೊಡಗಿದ್ದು 2018ರ ಹೊತ್ತಿಗೆ. ಇಷ್ಟು ನಿಧಾನವೇಕೆ ಎಂಬುದು ಸೋರಿಕೆಯ ಲೆಕ್ಕ ನೋಡಿದರೆ ತಿಳಿಯುತ್ತದೆ.

ಮೀಟರಿಗೆ ಒಂದು ವಾಟ್

ದಾರಿ ತಪ್ಪಿದ ಕಣಗಳು ಕೊಳವೆಯ ಗೋಡೆಗೆ ಬಡಿದರೆ ಆ ಲೋಹವೇ ವಿಕಿರಣ ಸೂಸತೊಡಗುತ್ತದೆ. ಯಂತ್ರ ನಿಲ್ಲಿಸಿದರೂ ಈ ವಿಕಿರಣ ಕೂಡಲೇ ಇಳಿಯದು. ಪಂಪೊಂದು ಕೆಟ್ಟರೆ, ಕವಾಟವೊಂದು ಕಚ್ಚಿಕೊಂಡರೆ ಸುರಂಗದೊಳಕ್ಕೆ ಹೋಗಿ ಕೈಯಾರೆ ಬದಲಿಸಬೇಕಾದವನು ಮನುಷ್ಯನೇ. ಆದುದರಿಂದ ಇಂಥ ಯಂತ್ರಗಳಲ್ಲಿ ಒಂದು ಮೀಟರ್ ಉದ್ದಕ್ಕೆ ಒಂದು ವಾಟ್‌ಗಿಂತ ಹೆಚ್ಚು ಸೋರಬಾರದೆಂಬ ಮಿತಿಯನ್ನು ಇರಿಸಿಕೊಳ್ಳುತ್ತಾರೆ. 14 ಲಕ್ಷ ವಾಟ್ ಹರಿಯುವಲ್ಲಿ ಒಂದು ವಾಟ್! ಇಷ್ಟು ಬಿಗಿಯಾದ ಲೆಕ್ಕವನ್ನು ಯಾವ ನೀರುಗಂಟಿಯೂ ಇಟ್ಟಿರಲಾರ. ಸುರಂಗದುದ್ದಕ್ಕೂ ಸೋರಿಕೆ ಅಳೆಯುವ ಉಪಕರಣಗಳಿವೆ. ಮಿತಿ ಮೀರಿದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಬೇಗ ಕಣಪುಂಜ ತಾನಾಗಿ ನಿಲ್ಲುತ್ತದೆ.

ಬಿಗಿಯನ್ನು ಸಡಿಲಿಸಿದಾಗ

ಚಾಲನೆಯ ಮೊದಲ ವರ್ಷಗಳಲ್ಲಿ ಒಂದು ಒಗಟು ಎದುರಾಯಿತು. ತಣ್ಣನೆಯ ಗೂಡುಗಳ ಭಾಗದಲ್ಲಿ ಕೊಳವೆ ಅಗಲವಾಗಿದ್ದು ಅಲ್ಲಿ ಸೋರಿಕೆ ಇರದೆಂದೇ ನಂಬಲಾಗಿತ್ತು. ಆದರೆ ಉಪಕರಣಗಳು ಸೋರಿಕೆಯನ್ನು ತೋರಿಸಿದವು. ಕಣಗಳನ್ನು ಒಟ್ಟಾಗಿ ಹಿಡಿದಿಡುವ ಅಯಸ್ಕಾಂತಗಳ ಬಲವನ್ನು ಇನ್ನಷ್ಟು ಹೆಚ್ಚಿಸುವುದೇ ಇದಕ್ಕೆ ಮದ್ದೆಂದು ಯಾರಿಗಾದರೂ ತೋರುತ್ತದೆ. ಯಂತ್ರ ನಡೆಸುವವರು ಕಂಡುಕೊಂಡದ್ದು ಇದಕ್ಕೆ ತದ್ವಿರುದ್ಧ: ಬಲವನ್ನು ತಗ್ಗಿಸಿದಷ್ಟೂ ಸೋರಿಕೆ ಕಡಿಮೆಯಾಯಿತು. ಕಾರಣ ಗೊತ್ತಿಲ್ಲದಿದ್ದರೂ ಆ ಕ್ರಮದಿಂದ ಅನುಕೂಲವಾದ್ದರಿಂದ ಅದನ್ನೇ ಅನುಸರಿಸಿದರು.

ಕಾರಣವನ್ನು 2010ರಲ್ಲಿ ಫರ್ಮಿ ಪ್ರಯೋಗಾಲಯದ ವಲೇರಿ ಲೆಬೆದೆವ್ ಸೂಚಿಸಿದರು. ಋಣ ಅಯಾನಿನಲ್ಲಿ ಹೆಚ್ಚಿಗೆ ಸೇರಿದ ಎಲೆಕ್ಟ್ರಾನಿನ ಅಂಟು ಬಹಳ ಸಡಿಲ. ಕಣಪುಂಜವನ್ನು ಬಿಗಿಯಾಗಿ ಹಿಂಡಿದಾಗ ಅಯಾನುಗಳು ಒಂದಕ್ಕೊಂದು ತಾಗಿ ಆ ಎಲೆಕ್ಟ್ರಾನ್ ಉದುರುತ್ತದೆ. ಬುಟ್ಟಿಯಲ್ಲಿ ಅದುಮಿ ತುಂಬಿದ ಟೊಮೇಟೊ ಹಣ್ಣುಗಳು ಒಂದರಿಂದೊಂದು ಕೆಡುವಂತೆ ಇದು. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ ವಿದ್ಯುದಂಶವಿಲ್ಲ. ಅಯಸ್ಕಾಂತದ ಹಿಡಿತಕ್ಕೆ ಸಿಗದೆ ಅದು ಗೋಡೆಗೆ ಹೋಗಿ ಬಡಿಯುತ್ತದೆ.

ಇದನ್ನು ಪರೀಕ್ಷಿಸಿದ ರೀತಿ ಹೊಲದಲ್ಲಿ ಹೋಲಿಕೆಯ ತಾಕು ಇಡುವಂತೆಯೇ ಇತ್ತು. ಯಂತ್ರದ ಮೊದಲಲ್ಲೇ ತೆಳು ಹಾಳೆಯೊಂದನ್ನು ಅಡ್ಡ ಇರಿಸಿ ಅಯಾನುಗಳನ್ನು ಪ್ರೋಟಾನುಗಳನ್ನಾಗಿಸಿ ಅದೇ ಕೊಳವೆಯಲ್ಲಿ ಹರಿಯಿಸಿದರು. ಉದುರಲು ಎಲೆಕ್ಟ್ರಾನೇ ಇಲ್ಲದ ಪ್ರೋಟಾನುಗಳ ಸೋರಿಕೆ ಬಹಳ ಕಡಿಮೆ ಇತ್ತು. 2012ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಪಾದರಸದ ತೊಟ್ಟಿಯ ತೊಂದರೆ ಬೇರೆ ಬಗೆಯದು. ಪ್ರತಿ ಬಡಿತಕ್ಕೂ ಪಾದರಸದಲ್ಲಿ ಗುಳ್ಳೆಗಳೆದ್ದು ಒಡೆದು ಉಕ್ಕಿನ ಒಳಮೈಯನ್ನು ಕೊರೆಯುತ್ತವೆ. ನೀರೆತ್ತುವ ಪಂಪಿನ ಚಕ್ರದ ಮೇಲೆ ಕಾಣುವ ಗುಳಿಗಳೂ ಹೀಗೆಯೇ ಆಗುವಂಥವು. 2017ರಿಂದ ಪಾದರಸಕ್ಕೆ ಹೀಲಿಯಂ ಅನಿಲದ ಸಣ್ಣ ಗುಳ್ಳೆಗಳನ್ನು ಬೆರೆಸತೊಡಗಿದ ಮೇಲೆ ಬಡಿತದ ಪೆಟ್ಟು ತಗ್ಗಿತು. ಆದರೂ ತೊಟ್ಟಿಯನ್ನು ಆಗಾಗ ಬದಲಿಸಲೇಬೇಕು. ಆ ಕೆಲಸವನ್ನು ದಪ್ಪ ಗೋಡೆಯ ಆಚೆ ನಿಂತು ಯಂತ್ರದ ಕೈಗಳಿಂದ ಮಾಡಿಸುತ್ತಾರೆ.

ನಮ್ಮ ದೇಶದಲ್ಲಿ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಪ್ರೋಟಾನುಗಳನ್ನು 2 ಕೋಟಿ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಒಯ್ಯುವ ಯಂತ್ರವನ್ನು ನಿರ್ಮಿಸಿದೆ. ಓಕ್ ರಿಡ್ಜ್ ಯಂತ್ರದ ಮೂಲ ನಕ್ಷೆಯ 100 ಕೋಟಿಗೆ ಹೋಲಿಸಿದರೆ ಇದು ಮೊದಲ ಮೆಟ್ಟಿಲು. ಇಲ್ಲಿ ಹರಿಯುವುದು ನೇರವಾಗಿ ಪ್ರೋಟಾನುಗಳೇ ಆದ್ದರಿಂದ ಎಲೆಕ್ಟ್ರಾನ್ ಉದುರುವ ಸೋರಿಕೆಗೆ ಆಸ್ಪದವಿಲ್ಲ. ಆದರೆ ವೇಗ ಕಡಿಮೆಯಿರುವ ಈ ಮೊದಲ ಹಂತದಲ್ಲಿ ಕಣಗಳು ಒಂದನ್ನೊಂದು ದೂಡಿ ಪುಂಜ ಚೆದುರುವುದು ಹೆಚ್ಚು. ಇಲ್ಲಿ ಕೆಟ್ಟ ಪುಂಜವನ್ನು ಮುಂದಿನ ಹಂತಗಳಲ್ಲಿ ಸರಿಪಡಿಸುವುದು ಬಹು ಕಷ್ಟ.