ಸವಾರಿ ಮುಗಿದರೂ ಬಿಡದ ಜೋಮು

ಪ್ರಶ್ನೆ: ಗೆಳೆಯರೆಲ್ಲ ಸೇರಿ ರಾಯಚೂರಿನಿಂದ ಗಬ್ಬೂರು, ದೇವದುರ್ಗ, ಸಿರವಾರ, ಮಾನ್ವಿ, ಕಲ್ಲೂರು ಸುತ್ತಿ ನಾಲ್ಕು ದಿನ ಸೈಕಲ್ ತುಳಿದೆವು. ಡಾಂಬರಿಗಿಂತ ಹೊಲದ ದಾರಿ, ಕಾಲುವೆ ದಂಡೆಯೇ ಹೆಚ್ಚು. ಬಂದು ವಾರವಾದರೂ ಬಲಗೈಯ ಉಂಗುರ ಬೆರಳು, ಕಿರುಬೆರಳು ಜೋಮು ಬಿಟ್ಟಿಲ್ಲ. ಅಂಗಿ ಗುಂಡಿ ಹಾಕಲು ತಡವರಿಸುತ್ತೇನೆ. ಲಕ್ವ ಇರಬಹುದೆಂದು ಮನೆಯವರು ಹೆದರಿದ್ದಾರೆ. ನರದ ಇಂಜೆಕ್ಷನ್ ಮಾಡಿಸಲೇ?
— ಶಿಕ್ಷಕ, ಮಾನ್ವಿ

ಉತ್ತರ: ಬಾಯಿ ಸೊಟ್ಟಗಾಗಿಲ್ಲ, ಮಾತು ತೊದಲುತ್ತಿಲ್ಲ, ಕಾಲಿನಲ್ಲಿ ಬಲವಿದೆ ಎಂದಾದರೆ ಇದು ಬಹುತೇಕ ಹ್ಯಾಂಡಲ್ ಕೊಟ್ಟ ಕಾಟ. ಆ ಎರಡು ಬೆರಳಿಗೆ ಹೋಗುವ ಅಲ್ನಾರ್ ನರ ಮಣಿಕಟ್ಟಿನಲ್ಲಿ, ಕಿರುಬೆರಳ ಬದಿಯ ಎರಡು ಪುಟ್ಟ ಎಲುಬುಗಳ ನಡುವೆ ನುಸುಳುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗಯೊನ್ 1861ರಲ್ಲಿ ವಿವರಿಸಿದ ಇಕ್ಕಟ್ಟು ಜಾಗ ಅದು. ಮೈಭಾರವನ್ನೆಲ್ಲ ಅಂಗೈ ಮೇಲೆ ಹಾಕಿ ಗರಸಿನ ದಂಡೆಯ ಮೇಲೆ ಗಂಟೆಗಟ್ಟಲೆ ಕುಲುಕಿದರೆ ನರ ಅಲ್ಲೇ ಒತ್ತಿಹೋಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡು ದಿನವೂ ತುಳಿಯುವವರು ಈ ದೂರು ಹೇಳುವುದು ಕಡಿಮೆ. ಅವರು ಹಳೆಯ ಸೈಕಲ್ ಮೇಲೆ ನೆಟ್ಟಗೆ ಕೂರುತ್ತಾರೆ, ಭಾರ ಸೀಟಿನ ಮೇಲಿರುತ್ತದೆ.

ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಹೆಬ್ಬೆರಳು ಮತ್ತು ತೋರುಬೆರಳ ಬದಿಯ ನಡುವೆ ಚೀಟಿ ಹಿಡಿದು, ಬೇರೆಯವರಿಗೆ ಎಳೆಯಲು ಹೇಳಿ. ಹೆಬ್ಬೆರಳು ನೇರವಾಗಿದ್ದರೆ ಸರಿ. ಚೀಟಿ ಉಳಿಸಿಕೊಳ್ಳಲು ಅದರ ತುದಿಗೆಣ್ಣು ತಾನಾಗಿ ಮಡಚಿದರೆ ಸ್ನಾಯುವಿನ ಬಲವೂ ತಗ್ಗಿದೆ ಎಂದರ್ಥ. ನಿಮಗೆ ಗುಂಡಿ ಹಾಕುವುದೇ ಕಷ್ಟವಾಗಿರುವುದರಿಂದ ಚೀಟಿ ಏನೇ ಹೇಳಲಿ, ಒಮ್ಮೆ ವೈದ್ಯರಿಗೆ ಕೈ ತೋರಿಸಿ. ಸಕ್ಕರೆ ಕಾಯಿಲೆ ಇದೆಯೇ ಎಂದೂ ನೋಡಿಸಿ. ಬರೀ ಜೋಮಾದರೆ ಒತ್ತಡ ತಪ್ಪಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ನರದ ಇಂಜೆಕ್ಷನ್ ಎಂದು ಕರೆಯುವ ಬಿ-12 ಆ ಜೀವಸತ್ವದ ಕೊರತೆ ಇದ್ದವರಿಗೆ. ಒತ್ತಿದ ನರವನ್ನು ಅದು ಬಿಡಿಸುವುದಿಲ್ಲ.

ಮುಂದಿನ ಸಲ ಹ್ಯಾಂಡಲ್ ತುಸು ಎತ್ತರಿಸಿ. ಸೀಟಿನ ಮೂತಿ ಮುಂದಕ್ಕೆ ಬಾಗಿರದಿರಲಿ. ಹಿಡಿತವನ್ನು ಆಗಾಗ ಬದಲಿಸಿ.

ಪ್ರಶ್ನೆ: ಇಂಥದೇ ಸವಾರಿ ಮುಗಿಸಿ ಬಂದ ತಮ್ಮನಿಗೆ ತೊಡೆ ಬಾತು, ಮೂತ್ರ ಕರೀ ಚಹಾದಂತೆ ಆಯಿತು. ನೋವಿನ ಮಾತ್ರೆ ನುಂಗಿ ಮಲಗಿದ್ದ. ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಹಚ್ಚಿದರು, ಮಾತ್ರೆ ತಗೊಂಡಿದ್ದಕ್ಕೆ ಬೈದರು. ಸೈಕಲ್ಲಿಗೂ ಕಿಡ್ನಿಗೂ ಏನು ಸಂಬಂಧ?
— ಗೃಹಿಣಿ, ದೇವದುರ್ಗ

ಉತ್ತರ: ಬೈದದ್ದು ಸರಿಯೇ ಇದೆ. ರೂಢಿಯಿಲ್ಲದ ಮೈ ಬಿಸಿಲಲ್ಲಿ ಅತಿಯಾಗಿ ದುಡಿದರೆ ಸ್ನಾಯುವಿನ ಎಳೆಗಳು ಒಡೆದು, ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಇಳಿಯುತ್ತದೆ. ಅದನ್ನು ಸೋಸುವ ಕಿಡ್ನಿಗೆ ಪೆಟ್ಟು. ನೀರು ಬತ್ತಿದ ಮೈಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೂ ತಗ್ಗಿಸುತ್ತವೆ. ಗಾಢ ಹಳದಿ ಮೂತ್ರ ನೀರು ಕುಡಿದ ಮೇಲೆ ತಿಳಿಯಾದರೆ ಚಿಂತೆಯಿಲ್ಲ. ಕಂದುಬಣ್ಣಕ್ಕೆ ತಿರುಗಿದರೆ ಬೆಳಗಾಗುವವರೆಗೆ ಕಾಯಬಾರದು. ಸ್ನಾಯುವಿನ ಹಾನಿ ತೋರುವ ಸಿ.ಕೆ. ಮತ್ತು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಸಹಜಕ್ಕೆ ಬಂದ ಮೇಲಷ್ಟೇ ತಮ್ಮ ಪೆಡಲ್ ಮುಟ್ಟಲಿ. ದಾರಿಯಲ್ಲಿ ಓಆರ್‌ಎಸ್ ಇರಲಿ. ಲೀಟರ್ ನೀರಿನ ದೊಡ್ಡ ಪೊಟ್ಟಣವನ್ನು ಒಂದೇ ಗ್ಲಾಸಿಗೆ ಸುರಿಯುವವರನ್ನು ನೋಡಿದ್ದೇನೆ. ಅದು ಉಪ್ಪಿನ ಹೊರೆ.

ಪ್ರಶ್ನೆ: ದಾರಿಯಲ್ಲಿ ಮೊಣಕಾಲಿಗೆ ಜಾಲಿ ಮುಳ್ಳು ಚುಚ್ಚಿತ್ತು, ಕಿತ್ತು ಹಾಕಿದೆ. ಈಗ ಮಂಡಿ ಬಾತಿದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ.
— ವಿದ್ಯಾರ್ಥಿ, ರಾಯಚೂರು

ಉತ್ತರ: ಮುಳ್ಳಿನ ಚೂರು ಎಕ್ಸ್‌ರೇಗೆ ಸಾಮಾನ್ಯವಾಗಿ ಕಾಣದು, ಅಲ್ಟ್ರಾಸೌಂಡ್ ಮಾಡಿಸಿ. ಕೀಲಿನೊಳಗೆ ತುದಿ ಮುರಿದು ಉಳಿದಿದ್ದರೆ ಮೂಳೆ ತಜ್ಞರೇ ತೆಗೆಯಬೇಕು. ಜ್ವರವಿದ್ದರೆ ಇಂದೇ ಹೋಗಿ. ಕೊನೆಯ ಧನುರ್ವಾಯು ಲಸಿಕೆ ಹಾಕಿಸಿ ಐದು ವರ್ಷ ದಾಟಿದ್ದರೆ ಅದನ್ನೂ ಹಾಕಿಸಿಕೊಳ್ಳಿ.