ರಾಜಿಯೇನೋ ಆಯಿತು, ಜಾರಿ ಹೇಗೆ?

ಕೂತು ಮಾತಾಡಿ ವ್ಯಾಜ್ಯ ಮುಗಿಸಿಕೊಳ್ಳುವುದು ಚಿತ್ರದುರ್ಗ ಜಿಲ್ಲೆಯ ಜನಕ್ಕೆ ಹೊಸದಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ಸೇರುವ ಸದ್ಧರ್ಮ ನ್ಯಾಯಪೀಠ ನಾಡಿಗೆಲ್ಲ ಗೊತ್ತು. ಅಣ್ಣತಮ್ಮಂದಿರ ಪಾಲು, ಹೊಲದ ಬದು, ಕೈಸಾಲ, ಗಂಡಹೆಂಡಿರ ಜಗಳ ಎಲ್ಲವೂ ಅಲ್ಲಿಗೆ ಬರುತ್ತವೆ. ನಡುವೆ ವಕೀಲರಿಲ್ಲ, ಕಕ್ಷಿದಾರರೇ ಎದ್ದು ನಿಂತು ತಮ್ಮ ಅಹವಾಲು ಹೇಳುತ್ತಾರೆ. ಗುರುಪೀಠದ ಎದುರು ಒಪ್ಪಿದ ಮಾತಿಗೆ ಊರಿನಲ್ಲಿ ಒಂದು ತೂಕವೂ ಇರುತ್ತದೆ.

ಆದರೆ ಒಪ್ಪಿದವನೇ ಆರು ತಿಂಗಳ ಮೇಲೆ ತಿರುಗಿಬಿದ್ದರೆ? ಮಠದ ತೀರ್ಮಾನ ಹಿಡಿದು ಕೋರ್ಟಿನ ಅಮೀನ ಜಪ್ತಿಗೆ ಹೊರಡುವುದಿಲ್ಲ. ಅರಳಿಕಟ್ಟೆಯ ಪಂಚಾಯಿತಿಗೂ, ಛಾಪಾಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದ ರಾಜಿಪತ್ರಕ್ಕೂ ಇದೇ ಗತಿ. ಕಾನೂನಿನ ಕಣ್ಣಿಗೆ ಅದು ಇಬ್ಬರ ನಡುವಿನ ಕರಾರು, ಅಷ್ಟೆ. 1996ರ ಆರ್ಬಿಟ್ರೇಷನ್ ಕಾಯ್ದೆಯಂತೆ ಬರವಣಿಗೆಯಲ್ಲಿ ಒಪ್ಪಿ ಪಡೆದ ತೀರ್ಪಾದರೆ ಮಾತು ಬೇರೆ. ಇಲ್ಲವಾದರೆ ಕರಾರು ಮುರಿದವನ ಮೇಲೆ ಹೊಸದಾಗಿ ದಾವೆ ಹೂಡಬೇಕು, ಮೊದಲಿನಿಂದ ಸಾಕ್ಷಿ ನುಡಿಸಬೇಕು. ಕೋರ್ಟಿನ ಖರ್ಚು ತಪ್ಪಲಿ ಎಂದೇ ರಾಜಿಯಾದವರು ಮತ್ತೆ ಕೋರ್ಟಿಗೇ ಬಂದು ನಿಲ್ಲುತ್ತಾರೆ.

ಹಾಗಾದರೆ ಯಾವ ರಾಜಿಗೆ ಡಿಕ್ರಿಯ ಬಲ? ಕೇಸು ಆಗಲೇ ಕೋರ್ಟಿನಲ್ಲಿದ್ದರೆ ದಾರಿ ಸುಲಭ. ಹೊರಗೆ ಎಲ್ಲಿ ರಾಜಿಯಾದರೂ ಅದನ್ನು ಬರವಣಿಗೆಗೆ ಇಳಿಸಿ, ಎರಡೂ ಕಡೆಯವರು ಸಹಿ ಹಾಕಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮದಡಿ ನ್ಯಾಯಾಧೀಶರ ಮುಂದಿಟ್ಟರೆ ಅದೇ ರಾಜಿ ಡಿಕ್ರಿಯಾಗುತ್ತದೆ. ಅದು ಮೋಸದ ರಾಜಿ ಎಂದು ಆಮೇಲೆ ಅನ್ನಿಸಿದರೂ ಬೇರೆ ದಾವೆ ಹೂಡುವಂತಿಲ್ಲ. ಡಿಕ್ರಿ ಮಾಡಿದ ಕೋರ್ಟಿನ ಮುಂದೆಯೇ ಹೇಳಿಕೊಳ್ಳಬೇಕು.

ಕೋರ್ಟೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸುವುದೂ ಉಂಟು. ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದ ಮೇಲೆ ಈ ಪದ್ಧತಿ ಬೆಳೆಯಿತು. ಆದರೆ ಆ ಕಲಂನ ಭಾಷೆ ಎಷ್ಟು ಗೋಜಲಾಗಿತ್ತೆಂದರೆ, 2010ರ ಆಫ್ಕಾನ್ಸ್ ಪ್ರಕರಣದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಕರಡು ಬರೆದವರು ಎರಡು ವ್ಯಾಖ್ಯೆಗಳನ್ನು ಅದಲುಬದಲು ಮಾಡಿದ್ದಾರೆಂದು ತೋರಿಸಿ ಸರಿಪಡಿಸಿ ಓದಬೇಕಾಯಿತು. ಸಾಮಾನ್ಯ ಕಕ್ಷಿದಾರ ಆ ತೀರ್ಪಿನಿಂದ ತಿಳಿಯಬೇಕಾದದ್ದು ಇಷ್ಟು: ಮಧ್ಯಸ್ಥಗಾರರ ಕೊಠಡಿಯಲ್ಲಿ ಸಹಿ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯದು. ಆ ಕಾಗದ ಕೋರ್ಟಿಗೆ ವಾಪಸು ಬಂದು, ನ್ಯಾಯಾಧೀಶರು ಅದನ್ನು ದಾಖಲಿಸಿ ಆದೇಶ ಮಾಡಬೇಕು. ಆ ವಾಯಿದೆಗೆ ಹೋಗದೆ ಮನೆಯಲ್ಲಿ ಉಳಿದರೆ ಕಷ್ಟ.

ಲೋಕ ಅದಾಲತ್ತಿನ ಬಲ ಇನ್ನೂ ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಅಲ್ಲಿನ ಅವಾರ್ಡೇ ಸಿವಿಲ್ ಕೋರ್ಟಿನ ಡಿಕ್ರಿ. ಅದರ ಮೇಲೆ ಅಪೀಲಿಲ್ಲ, ಕೋರ್ಟಿನಿಂದ ಬಂದ ಪ್ರಕರಣವಾದರೆ ಕಟ್ಟಿದ ಶುಲ್ಕವೂ ಮರಳುತ್ತದೆ. ಚೆಕ್ ಬೌನ್ಸ್‌ನಂಥ ಕ್ರಿಮಿನಲ್ ಪ್ರಕರಣ ಅದಾಲತ್ತಿನಲ್ಲಿ ರಾಜಿಯಾದರೂ ಹಣದ ವಸೂಲಿಗೆ ಅದನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಇನ್ನೂ ದಾವೆಯನ್ನೇ ಹೂಡದ ವ್ಯಾಜ್ಯವನ್ನೂ ಅದಾಲತ್ತಿಗೆ ಒಯ್ಯಬಹುದು. ಚಿತ್ರದುರ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತಾಲ್ಲೂಕು ಸಮಿತಿಗಳು ಇರುವುದು ಕೋರ್ಟಿನ ಆವರಣದಲ್ಲೇ. ಊರ ಪಂಚಾಯಿತಿಯಲ್ಲಿ ತೀರಿದ ತಕರಾರಿಗೆ ಡಿಕ್ರಿಯ ಮುದ್ರೆ ಬೇಕೆಂದರೆ ಇದಕ್ಕಿಂತ ಅಗ್ಗದ ದಾರಿ ಸಿಗಲಾರದು.

2023ರ ಮಧ್ಯಸ್ಥಿಕೆ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಮಧ್ಯಸ್ಥಿಕೆಯ ಒಪ್ಪಂದವನ್ನೇ ಡಿಕ್ರಿಯಂತೆ ಜಾರಿ ಮಾಡಿಸಬಹುದೆಂದು 27ನೇ ಕಲಂನಲ್ಲಿ ಹೇಳುತ್ತದೆ. ಊರಿನ ಶಾಂತಿಗಾಗಿ ಮಾಡುವ ಸಮುದಾಯ ಮಧ್ಯಸ್ಥಿಕೆಗೆ ಮಾತ್ರ ಆ ಬಲ ಕೊಟ್ಟಿಲ್ಲ. ಆದರೆ 2023ರ ಅಕ್ಟೋಬರ್ 9ರಂದು ಜಾರಿಗೆ ತಂದ ಕಲಂಗಳ ಪಟ್ಟಿಯಲ್ಲಿ ಈ 27 ಇರಲಿಲ್ಲ. ಆದ್ದರಿಂದ ಹೊಸ ಕಾಯ್ದೆ ನಂಬಿ ಸಹಿ ಹಾಕುವ ಮುನ್ನ ಪ್ರಾಧಿಕಾರದ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಜಾಣತನ.

ಡಿಕ್ರಿ ಕೈಗೆ ಬಂದರೂ ಎದುರಾಳಿ ಜಗ್ಗದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷದ ಗಡುವಿದೆ. ಕಂತಿನ ಹಣವಾದರೆ ಆಯಾ ಕಂತು ತಪ್ಪಿದ ದಿನದಿಂದ ಲೆಕ್ಕ. ಆದರೆ ‘ಗೋಡೆ ಕೆಡವಬೇಕು’, ‘ಬೇಲಿ ತೆಗೆಯಬೇಕು’ ಎಂಬಂಥ ಕಡ್ಡಾಯ ಆಜ್ಞೆಯ ಡಿಕ್ರಿಗೆ ಮೂರೇ ವರ್ಷ. ಇದು ಗೊತ್ತಿಲ್ಲದೆ ‘ಹನ್ನೆರಡು ವರ್ಷ ಇದೆಯಲ್ಲ’ ಎಂದು ಸುಮ್ಮನಿದ್ದರೆ ಹಕ್ಕೇ ಹೋಗುತ್ತದೆ. ಎದುರಾಳಿಯ ಆಸ್ತಿ ದಾವಣಗೆರೆಯಲ್ಲೋ ಬೆಂಗಳೂರಲ್ಲೋ ಇದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗ ಮಾಡಿಸಿಕೊಳ್ಳಬಹುದು.

ಕಾಗದದ ಮೇಲೆ ಇದೆಲ್ಲ ಸಲೀಸು. ಬೆಂಗಳೂರಿನ ಆಸ್ತಿ ವ್ಯಾಜ್ಯವೊಂದರಲ್ಲಿ 2021ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಆದೇಶಿಸಿತು. 2025ರ ಅಕ್ಟೋಬರಿನಲ್ಲಿ ಅದೇ ಕೋರ್ಟ್ ಲೆಕ್ಕ ತೆಗೆದಾಗ ದೇಶದಲ್ಲಿ ಬಾಕಿ ಉಳಿದಿದ್ದ ಅರ್ಜಿಗಳು 8,82,578. ಇದರಲ್ಲಿ ಕರ್ನಾಟಕದ ಪಾಲು ಎಷ್ಟೆಂಬುದೇ ಗೊತ್ತಾಗಲಿಲ್ಲ. ನಮ್ಮ ಹೈಕೋರ್ಟ್ ಅಂಕಿಅಂಶ ಒದಗಿಸಿರಲಿಲ್ಲ.

ಹಾಗಾಗಿ ಅಮಲ್ಜಾರಿಯ ತನಕ ಹೋಗದಂತೆ ರಾಜಿಯನ್ನು ಬರೆಸುವುದರಲ್ಲೇ ಎಲ್ಲವೂ ಇದೆ. ಹೊಳಲ್ಕೆರೆ ಕಡೆಯ ನಾಲ್ಕು ಎಕರೆ ಅಡಿಕೆ ತೋಟ ಇಬ್ಬರು ಅಣ್ಣತಮ್ಮಂದಿರಿಗೆ ಪಾಲಾಗಬೇಕು ಎಂದಿಟ್ಟುಕೊಳ್ಳಿ. ‘ಮೂಡಣ ಭಾಗ ಅಣ್ಣನಿಗೆ, ಪಡುವಣ ಭಾಗ ತಮ್ಮನಿಗೆ, ನೀರು ಹೊಂದಾಣಿಕೆಯಿಂದ’ ಎಂದು ಬರೆಸಿದರೆ ಜಗಳವನ್ನು ಮುಂದಕ್ಕೆ ಹಾಕಿದಂತೆ. ಡಿಕ್ರಿಯಲ್ಲಿ ಇಲ್ಲದ್ದನ್ನು ಅಮಲ್ಜಾರಿ ಕೋರ್ಟ್ ಸೇರಿಸಲಾರದು. ಗಡಿ ಎಲ್ಲಿ? ಸರ್ವೆ ನಂಬರಿನ ಒಂದು ಭಾಗಕ್ಕೆ 11ಇ ನಕ್ಷೆ ಮಾಡಿಸುವವರು ಯಾರು, ಖರ್ಚು ಯಾರದು? ಕೊಳವೆಬಾವಿ ಯಾರ ಭಾಗಕ್ಕೆ ಬಿತ್ತು? ಮೋಟರಿಗೆ ಕರೆಂಟ್ ಇರುವ ಹೊತ್ತನ್ನು ಹೇಗೆ ಹಂಚಿಕೊಳ್ಳಬೇಕು, ಬೆಸ್ಕಾಂ ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿ, ಮೋಟರ್ ಸುಟ್ಟರೆ ರಿಪೇರಿ ಯಾರದು? ಹಿಂದಿನ ತುಂಡಿಗೆ ಟ್ರ್ಯಾಕ್ಟರ್ ಹೋಗಲು ದಾರಿ ಎಷ್ಟು ಅಡಿ? ಇಷ್ಟನ್ನೂ ತಾರೀಖು, ಅಳತೆ, ನಕ್ಷೆ ಸಮೇತ ಬರೆಸಿ, ತಪ್ಪಿದರೆ ಏನಾಗಬೇಕೆಂದೂ ಕಾಣಿಸಿದ ರಾಜಿ ಗಟ್ಟಿ. ದಾವೆಯಲ್ಲಿ ಇಲ್ಲದ ಇನ್ನೊಂದು ಸೈಟನ್ನೋ ಮನೆಯನ್ನೋ ಅದೇ ರಾಜಿಗೆ ಸೇರಿಸಿದರೆ ಆ ಆಸ್ತಿಯ ಮಟ್ಟಿಗೆ ನೋಂದಣಿ ಬೇಕಾಗುತ್ತದೆ. ಪಾಲಿನ ಅಂತಿಮ ಡಿಕ್ರಿಗೆ ಮುದ್ರಾಂಕ ಶುಲ್ಕವೂ ಇದೆ. ವಕೀಲರು ಇವನ್ನು ಸಹಿಗೆ ಮುಂಚೆ ಹೇಳಬೇಕು, ಆಮೇಲಲ್ಲ.

ಖರ್ಚಿನ ವಿಷಯದಲ್ಲಿ ಸಣ್ಣಪುಟ್ಟ ಕಕ್ಷಿದಾರರು ನಲುಗುವುದು ಒಂದೇ ಸಲಕ್ಕಲ್ಲ. ಇವತ್ತು ವಾಯಿದೆ ಫೀಸು, ನಾಳೆ ನಕಲಿಗೆ, ನಾಡಿದ್ದು ಕಮಿಷನರ್ ಭತ್ಯೆಗೆ ಎಂದು ಚೂರುಚೂರಾಗಿ ಹೋಗುವ ಹಣಕ್ಕೆ ಲೆಕ್ಕವೇ ಇರುವುದಿಲ್ಲ. ಗೆದ್ದವನಿಗೂ ಈ ಹಣ ಪೂರ್ತಿ ಮರಳದು. ಸುಳ್ಳು ದಾವೆ ಹೂಡಿದವನಿಂದ ಕೊಡಿಸಬಹುದಾದ ಪರಿಹಾರದ ಖರ್ಚಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಂ ಇಂದಿಗೂ 3,000 ರೂಪಾಯಿಯ ಮಿತಿ ಇಟ್ಟಿದೆ.

ಒಟ್ಟು ಎಷ್ಟಾದೀತು ಎಂದು ಮೊದಲೇ ಬರೆದುಕೊಡಿ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಕೀಲರಿಗೆ ಹೇಳುವುದಿಲ್ಲ. ಇದು ದೊಡ್ಡ ಕೊರತೆಯೇ. ಕಕ್ಷಿದಾರನೇ ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಬೇಕು: ಫೀಸು ಒಟ್ಟಾಗಿಯೋ ವಾಯಿದೆಗಿಷ್ಟೋ, ಅಪೀಲು ಮತ್ತು ಅಮಲ್ಜಾರಿ ಅದರಲ್ಲಿ ಸೇರಿದೆಯೋ. ಆದರೆ ಅವೇ ನಿಯಮಗಳು ಬೇರೆ ಕಡೆ ಖಚಿತವಾಗಿವೆ. ಕಕ್ಷಿದಾರನ ಹಣಕ್ಕೆ ವಕೀಲರು ಲೆಕ್ಕ ಇಡಬೇಕು, ಕೇಳಿದಾಗ ಅದರ ಪ್ರತಿ ಕೊಡಬೇಕು. ಸಕಾರಣವಿಲ್ಲದೆ, ನೋಟಿಸಿಲ್ಲದೆ ಕೇಸು ಕೈಬಿಡುವಂತಿಲ್ಲ. ಬಿಟ್ಟರೆ ಕೆಲಸ ಮಾಡದ ಭಾಗದ ಫೀಸು ಹಿಂದಿರುಗಿಸಬೇಕು. ಫೀಸು ಬಾಕಿಯಿದೆ ಎಂದು ಫೈಲು ಅಡವಿಟ್ಟುಕೊಳ್ಳುವುದೂ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಹಿರಿಯೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ರಸ್ತೆಗಳಲ್ಲಿ ಅಪಘಾತಕ್ಕೀಡಾದವರ ಕುಟುಂಬಗಳು ವಿಶೇಷವಾಗಿ ತಿಳಿಯಬೇಕಾದದ್ದು 20ನೇ ನಿಯಮ. ‘ಪರಿಹಾರ ಬಂದರೆ ನನಗೆ ಇಷ್ಟು ಪರ್ಸೆಂಟ್’ ಎಂಬ ಕರಾರು ನಿಷಿದ್ಧ. ತೆಲಂಗಾಣದಲ್ಲಿ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರಿಂದ ವಕೀಲರು ಪರಿಹಾರದ ಪಾಲಿನ ಲೆಕ್ಕದಲ್ಲಿ ಚೆಕ್ ಪಡೆದು, ಅದು ಬೌನ್ಸ್ ಆದಾಗ ಆಕೆಯ ಮೇಲೆಯೇ ಕೇಸು ಹಾಕಿದ್ದರು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿ, ಇಂಥ ಫೀಸು ಕಾನೂನುಬಾಹಿರ ಎಂದಿತು. ಅದಾಲತ್ತಿನಲ್ಲಿ ವಿಮಾ ಕಂಪನಿಯೊಂದಿಗೆ ರಾಜಿಯಾದಾಗ ಹಣ ನೇರವಾಗಿ ತಮ್ಮ ಬ್ಯಾಂಕ್ ಖಾತೆಗೇ ಬರಬೇಕೆಂದು ಬರೆಸಿಕೊಳ್ಳಲು ಯಾರೂ ಹಿಂಜರಿಯಬೇಕಿಲ್ಲ. ವಕಾಲತ್ತಿನಲ್ಲಿ ‘ರಾಜಿ ಮಾಡುವ ಅಧಿಕಾರ’ ಎಂಬ ಸಾಲಿದ್ದರೂ ವಕೀಲರು ಕಕ್ಷಿದಾರನನ್ನು ಕೇಳದೆ ಒಪ್ಪಿಕೊಳ್ಳಬಾರದು. ಆದರೂ ಆ ಸಾಲನ್ನು ಓದಿಯೇ ಸಹಿ ಹಾಕುವುದು ಒಳ್ಳೆಯದು.

ಚೆಕ್ ವ್ಯವಹಾರದಲ್ಲಿ ರಾಜಿಯ ಹೊತ್ತಿಗೂ ಬೆಲೆ ಇದೆ. ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿಯೊಬ್ಬ ಕೊಟ್ಟ ಚೆಕ್ ಬೌನ್ಸ್ ಆಯಿತೆನ್ನಿ. 2025ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಆತ ತನ್ನ ಸಾಕ್ಷ್ಯ ಶುರುವಾಗುವ ಮುನ್ನ ಹಣ ಕಟ್ಟಿ ರಾಜಿಯಾದರೆ ದಂಡವಿಲ್ಲ. ಆಮೇಲೆ ತೀರ್ಪಿಗೆ ಮುಂಚೆ ಆದರೆ ಚೆಕ್ ಮೊತ್ತದ ಶೇ 5, ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ಶೇ 7.5, ಸುಪ್ರೀಂ ಕೋರ್ಟಿನಲ್ಲಿ ಶೇ 10. ಈ ಲೆಕ್ಕ ಹೇಳದೆ ‘ನಡೀಲಿ ಬಿಡಿ, ನೋಡೋಣ’ ಎನ್ನುವ ವಕೀಲರು ಕಕ್ಷಿದಾರನ ಹಿತ ಕಾದಂತಾಗದು.

ವಕೀಲರ ಮೇಲೆ ದೂರಿದ್ದರೆ ಗ್ರಾಹಕರ ಆಯೋಗಕ್ಕೆ ಅಲೆದು ಪ್ರಯೋಜನವಿಲ್ಲ. ವಕೀಲಿಕೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲವೆಂದು 2024ರ ಮೇ 14ರಂದು ತೀರ್ಪಾಗಿದೆ. 1961ರ ವಕೀಲರ ಕಾಯ್ದೆಯ 35ನೇ ಕಲಂ ಅಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬೇಕು; ರಸೀದಿ, ಬ್ಯಾಂಕ್ ವಿವರ, ವಾಟ್ಸ್‌ಆ್ಯಪ್ ಸಂದೇಶ ಎಲ್ಲ ಜೊತೆಗಿರಲಿ. ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ವರ್ಷದೊಳಗೆ ತೀರದಿದ್ದರೆ ದೂರು ಭಾರತೀಯ ಪರಿಷತ್ತಿಗೆ ಹೋಗುತ್ತದೆ.

ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯೇ ಇಲ್ಲದವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯೂ ಅಡ್ಡ ಬರದು. ಈ ನೆರವು ದಾವೆ ಹೂಡುವುದಕ್ಕೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಕೈಯಲ್ಲಿರುವ ರಾಜಿ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿಗೂ ಅದು ಸಿಗುತ್ತದೆ. ಡಿಕ್ರಿಯ ದೃಢೀಕೃತ ನಕಲು ಹಿಡಿದು ತಾಲ್ಲೂಕು ಸಮಿತಿಯ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.