ಎಚ್ಚರವಾದ ಮೇಲಿನ ಎಚ್ಚರ

ಶಸ್ತ್ರಚಿಕಿತ್ಸೆಯೆಂದರೆ ರೋಗಿಯ ಕೈಕಾಲುಗಳನ್ನು ಬಿಗಿಹಿಡಿದು ಕೊಯ್ಯುವ ಕಾಲವೊಂದಿತ್ತು. 1846ನೆಯ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರ್ ಆವಿಯನ್ನು ಉಸಿರಾಡಿಸಿ, ಎಲ್ಲರೆದುರಿಗೆ ನೋವನ್ನು ಮರೆಸಿದನು. ಇದೇ ಅರಿವಳಿಕೆ. ಆದರೆ ಈಥರಿನಿಂದ ಎಚ್ಚರಗೊಳ್ಳುವುದು ನಿಧಾನ; ವಾಂತಿಯೂ ಹೆಚ್ಚು.

ಇಂದು ಸೆವೊಫ್ಲೂರೇನ್, ಡೆಸ್‌ಫ್ಲೂರೇನ್ ಮುಂತಾದ ಆವಿಗಳಿವೆ. ಇವು ರಕ್ತದಲ್ಲಿ ಕರಗುವುದು ಅತ್ಯಲ್ಪ. ಆದುದರಿಂದ ಬೇಗನೆ ಮಿದುಳನ್ನು ಮುಟ್ಟುತ್ತವೆ. ನಿಲ್ಲಿಸಿದ ಮೇಲೆ ಉಸಿರಿನೊಡನೆ ಬೇಗನೆ ಹೊರಬೀಳುತ್ತವೆ. ಹರ್ನಿಯಾದಂತಹ ಚಿಕಿತ್ಸೆಗೆ ಬೆಳಿಗ್ಗೆ ಹೋದವರು ಸಂಜೆಗೆ ಮನೆಗೆ ಮರಳುವುದು ಇದರಿಂದ ಸುಲಭವಾಗಿದೆ.

ಆದರೆ ಕಣ್ಣು ತೆರೆದುದೇ ಪೂರ್ಣ ಚೇತರಿಕೆಯಲ್ಲ. ಓಕರಿಕೆ, ವಾಂತಿ, ನಡುಕ, ತಲೆಸುತ್ತು, ಮಂಪರುಗಳು ತೋರಬಹುದು. ಹೆಂಗಸರಿಗೂ, ಬಸ್ ಪ್ರಯಾಣದಲ್ಲಿ ವಾಂತಿಯಾಗುವವರಿಗೂ ಓಕರಿಕೆ ಹೆಚ್ಚು. ಮೊದಲೇ ತಿಳಿಸಿದರೆ ವೈದ್ಯರು ತಡೆಯುವ ಮದ್ದು ಕೊಡಬಲ್ಲರು. ಚಿಕ್ಕ ಮಕ್ಕಳು ಎಚ್ಚರಗೊಳ್ಳುವಾಗ ತಾಯಿಯನ್ನೂ ಗುರುತಿಸದೆ ಅತ್ತು ಒದ್ದಾಡುವುದುಂಟು. ಸ್ವಲ್ಪ ಹೊತ್ತಿನಲ್ಲಿ ಅದು ಶಮನವಾಗುವುದು. ಅತಿ ವಿರಳವಾಗಿ, ವಂಶದಿಂದ ಬಂದ ದೋಷವುಳ್ಳವರಲ್ಲಿ ಈ ಆವಿಗಳಿಂದ ಸ್ನಾಯುಗಳು ಬಿಗಿದು, ಮೈಶಾಖವು ಪ್ರಾಣಕ್ಕೆ ಎರವಾಗುವಷ್ಟು ಏರುತ್ತದೆ. ಡಾಂಟ್ರೊಲೀನ್ ಅದಕ್ಕೆ ಔಷಧ. ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ ಮುಂಚಿತವಾಗಿ ಹೇಳಲೇಬೇಕು.

ವಿದ್ಯಾರ್ಥಿಗಳೇ, ನಿಮಗೆ ಇದನ್ನೇಕೆ ಹೇಳುತ್ತಿದ್ದೇವೆ? ಈ ಮುಂಬಯಿಯಲ್ಲಿ, ಊರಿನಿಂದ ಬಂದ ಅಜ್ಜಿಗೂ ಇಲ್ಲಿಯ ವೈದ್ಯರಿಗೂ ನಡುವೆ ದುಭಾಷಿಗಳಾಗುವವರು ಎಷ್ಟೋ ಸಲ ನೀವೇ. "ಏನಾದರೂ ತಿಂದಿದ್ದಾರೆಯೇ?" ಎಂದು ವೈದ್ಯರು ಕೇಳುವರು. ಚಿಕಿತ್ಸೆ ಮುಂದಕ್ಕೆ ಹೋದೀತೆಂದು ಅಂಜಿ, "ಇಲ್ಲವೆಂದು ಹೇಳು, ಮಗಾ" ಎಂದು ಅಜ್ಜಿ ಮೆಲ್ಲನೆ ಉಸುರಿಯಾರು. ಆಗ ಕುಡಿದ ಒಂದು ಲೋಟ ಕಾಫಿಯನ್ನೂ ಮರೆಮಾಚಬೇಡಿರಿ. ಮೈಮರೆತಾಗ ಹೊಟ್ಟೆಯಲ್ಲಿದ್ದುದು ಮೇಲೇರಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಅದಕ್ಕಾಗಿಯೇ ಲಘು ಆಹಾರವನ್ನೂ ಹಾಲನ್ನೂ ಕನಿಷ್ಠ 6 ಗಂಟೆ, ನೀರನ್ನು 2 ಗಂಟೆ ಮೊದಲು ನಿಲ್ಲಿಸುವ ನಿಯಮವಿದೆ. ಆಯಾ ವೈದ್ಯರು ಹೇಳಿದ ವೇಳೆಯನ್ನು ಪಾಲಿಸತಕ್ಕದ್ದು.

ಮರಳುವಾಗ ಪ್ರಾಪ್ತವಯಸ್ಕರೊಬ್ಬರು ಜೊತೆಗಿದ್ದು, ಆ ರಾತ್ರಿ ಮನೆಯಲ್ಲಿಯೂ ಇರಬೇಕು. 24 ಗಂಟೆಗಳವರೆಗೆ ವಾಹನ ನಡೆಸುವುದು, ಒಲೆಯ ಮುಂದೆ ಒಬ್ಬರೇ ನಿಲ್ಲುವುದು, ಮುಖ್ಯ ಕಾಗದಗಳಿಗೆ ರುಜು ಹಾಕುವುದು ಸಲ್ಲದು. ವಾಂತಿ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಾವು ಶಾಲೆಯಲ್ಲಿ ಹಲವು ಭಾಷೆಗಳನ್ನು ಕಲಿಸುತ್ತೇವೆ. ಕೇಳಿದುದನ್ನು ಕೇಳಿದಂತೆಯೇ, ನಡೆದುದನ್ನು ನಡೆದಂತೆಯೇ ದಾಟಿಸಿದರೆ ಆ ಕಲಿಕೆ ಒಂದು ಜೀವವನ್ನು ಕಾಯಬಲ್ಲದು.